ಬೊನೋಸಾ ನುಡಿದ ಸಾಕ್ಷಿ

ಬೊನೋಸಾಳ ಕೈಗೆ ಸಿಕ್ಕ ಕುರಿ ಒದೆಯುತ್ತಿರಲಿಲ್ಲ. ತೊಲೇದೊ ಪಟ್ಟಣದ ಉತ್ತರಕ್ಕೆ, ಬೆಟ್ಟಸಾಲು ದಾಟಿದ ಮೇಲೆ ಸಿಗುವ ಆ ಬಯಲುಸೀಮೆಯಲ್ಲಿ ಉಣ್ಣೆ ಕತ್ತರಿಸುವುದು ಗಂಡಸರ ಕೆಲಸವೇ ಆಗಿದ್ದರೂ, ಮೇ ತಿಂಗಳು ಬಂತೆಂದರೆ ಸುತ್ತಲಿನ ನಾಲ್ಕು ಹಳ್ಳಿಯವರು ಮೊದಲು ಹೇಳಿಕಳಿಸುತ್ತಿದ್ದುದು ಅವಳಿಗೆ. ಕುರಿಯನ್ನು ಅಂಡಿನ ಮೇಲೆ ಕೂರಿಸಿ, ಅದರ ಬೆನ್ನನ್ನು ತನ್ನ ಮೊಣಕಾಲಿಗೆ ಒರಗಿಸಿಕೊಂಡು ಕತ್ತರಿ ಹಾಕಿದಳೆಂದರೆ ಉಣ್ಣೆಯೆಲ್ಲ ಒಂದೇ ಹಚ್ಚಡದಂತೆ ಬಿಚ್ಚಿಕೊಂಡು ಬರುತ್ತಿತ್ತು. ಚರ್ಮಕ್ಕೆ ಒಂದು ಗೀರೂ ಬೀಳುತ್ತಿರಲಿಲ್ಲ. ಅವಳ ಗಂಡ ಲುಪಾತ ಕುರಿ ಕಾಯುವವನು, ಮಾತು ಸ್ವಲ್ಪ ಜಾಸ್ತಿ. “ಅವಳ ಎದುರಿಗೆ ಅಲ್ಲಾಡದೆ ಕೂತ್ಕೊಳ್ಳೋದನ್ನ ಕುರಿಗಳು ನನ್ನ ನೋಡಿ ಕಲಿತಿರೋದು” ಎಂದು ಊರೆಲ್ಲ ಹೇಳಿಕೊಂಡು ತಿರುಗುತ್ತಿದ್ದ.

ಬೊನೋಸಾಳ ತಾಯಿ ಆ ಜಮೀನಿನ ಒಡೆಯರ ದೊಡ್ಡಮನೆಯಲ್ಲಿ ತೊತ್ತಾಗಿದ್ದವಳು. ಹಗಲೆಲ್ಲ ಉಣ್ಣೆಕೋಣೆಯಲ್ಲಿ ಕೂತು ನೂಲು ತೆಗೆಯುವುದು ಅವಳ ಪಾಲಿಗೆ ಬಂದ ಕೆಲಸ. ದೊಡ್ಡಮನೆಯ ಯಜಮಾನಿ ಸಾಯುವ ಮುಂಚೆ ಮೂವರು ತೊತ್ತುಗಳನ್ನು ಇಗರ್ಜಿಗೆ ಕರೆಸಿ, ಬಲಿಪೀಠದ ಮುಂದೆ ನಿಲ್ಲಿಸಿ ಬಿಡುಗಡೆ ಮಾಡಿದಳು. ಆಗ ಬೊನೋಸಾ ಇನ್ನೂ ಅಮ್ಮನ ಸೊಂಟದ ಮೇಲಿದ್ದ ಕೂಸು. ಆ ಸೀಮೆಯಲ್ಲಿ ಚರ್ಮದ ಹಾಳೆ ದುಬಾರಿ, ಕರಿಯ ಹಲಗೆಕಲ್ಲು ಕಾಲಿಟ್ಟಲ್ಲೆಲ್ಲ ಸಿಗುತ್ತದೆ. ಹಾಗಾಗಿ ತಾಯಿಯ ಬಿಡುಗಡೆಯ ಮಾತನ್ನು ಅಂಗೈಯಗಲದ ಒಂದು ಹಲಗೆಕಲ್ಲಿನ ಮೇಲೆ ಮೊಳೆಯಿಂದ ಕೊರೆದು ಬಲಿಪೀಠದ ಅಡಿಯಲ್ಲಿ ಇಟ್ಟರು. ತಾಯಿ ಮಗಳಿಗೆ ಓದು ಬರುತ್ತಿರಲಿಲ್ಲ. ಆದರೂ ವರ್ಷಕ್ಕೊಮ್ಮೆ, ಈಸ್ಟರ್ ಹಬ್ಬದ ಮಾರನೆಯ ದಿನ, ಪಾದ್ರಿಯನ್ನು ಕೇಳಿಕೊಂಡು ಆ ಕಲ್ಲು ಅಲ್ಲೇ ಇದೆಯೇ ಎಂದು ನೋಡಿ ಬರುತ್ತಿದ್ದರು.

ಬೊನೋಸಾಗೆ ಸೆವೆರೊ ಎಂಬ ತಮ್ಮನಿದ್ದ. ಅವಳಿಗೆ ಹದಿನೆಂಟು ತುಂಬಿದ ವರ್ಷ ತೊಲೇದೊದಲ್ಲಿ ಹೊಸ ದೊರೆ ಪಟ್ಟಕ್ಕೆ ಬಂದ. ಈಶಾನ್ಯದ ಸರದಾರನೊಬ್ಬ ನಾನೂ ದೊರೆ ಎಂದು ಎದ್ದು ನಿಂತ. ದಂಡಿಗೆ ಮನೆಗೊಬ್ಬ ಆಳು ಕೊಡಬೇಕೆಂದು ಅಪ್ಪಣೆಯಾಗಿ ಸೆವೆರೊ ಹೋದ. ದ್ರಾಕ್ಷಿ ಕೊಯ್ಲಿಗೆ ದಂಡು ತಿರುಗಿ ಬಂತು, ಅವನು ಬರಲಿಲ್ಲ. ಯಾವ ಊರಿನ ಹತ್ತಿರ, ಏನಾಗಿ ಸತ್ತ ಎಂದು ಹೇಳುವವರೂ ಇರಲಿಲ್ಲ. ತಾಯಿ ಮೂರು ವರ್ಷ ಅವನ ಪಾಲಿನ ರೊಟ್ಟಿ ಎತ್ತಿಟ್ಟು, ಆಮೇಲೆ ತಾನೂ ಹೋದಳು.

ಆ ದೊರೆ ಹದಿನೈದು ವರ್ಷ ಆಳಿ ಮುದುಕನಾದ. ಆ ನಾಡನ್ನು ಆಳುತ್ತಿದ್ದ ಗೊಥ್ ಜನರಲ್ಲಿ ದೊರೆಯ ಮಗನೇ ದೊರೆಯಾಗಬೇಕೆಂಬ ಕಟ್ಟಳೆಯಿಲ್ಲ. ಬಿಷಪ್ಪರೂ ಅರಮನೆಯ ಸರದಾರರೂ ಕೂಡಿ ಯಾರನ್ನು ಆರಿಸುತ್ತಾರೋ ಅವನಿಗೆ ಪಟ್ಟ. ಆದರೆ ಯಾವ ತಂದೆಗೆ ಮಗನ ಆಸೆ ಇರುವುದಿಲ್ಲ? ಮುದಿ ದೊರೆ ಬದುಕಿರುವಾಗಲೇ ಮಗ ಅರ್ಗೆಮಿರನನ್ನು ಪಕ್ಕದಲ್ಲಿ ಕೂರಿಸಿಕೊಂಡು ಆಳತೊಡಗಿದ್ದ. ತಂದೆ ಕಣ್ಣು ಮುಚ್ಚಿದ ಮೂರನೆಯ ದಿನ ಸರದಾರರು ಕೂಡಿ, ಮಗನನ್ನು ಬಿಟ್ಟು, ಕೆಂಪುಗಡ್ಡದ ಒಬ್ಬ ಸೇನಾಪತಿಯನ್ನು ಆರಿಸಿದರು. ಹಳ್ಳಿಯವರು ಅವನಿಗೆ ಕೆಂಚ ದೊರೆ ಎಂದು ಹೆಸರಿಟ್ಟರು. ಅವನ ಸವಾರರು ಅರ್ಗೆಮಿರನನ್ನು ಹುಡುಕಿಕೊಂಡು ಹೊರಟರು.

ಅರ್ಗೆಮಿರ ಬೆಟ್ಟ ದಾಟಿ ಬಂದು ಬಿದ್ದದ್ದು ಬೊನೋಸಾಳ ಉಣ್ಣೆ ಕೊಟ್ಟಿಗೆಯಲ್ಲಿ.

ಅವನಿಗೆ ಇಪ್ಪತ್ತು ವರ್ಷ. ಜೊತೆಗೆ ಒಬ್ಬ ಮುದಿ ಸೇವಕ, ಕುಂಟುವ ಒಂದು ಕುದುರೆ. ಅರ್ಗೆಮಿರನ ಮೈ ಜ್ವರದಿಂದ ಕೆಂಡದಂತೆ ಸುಡುತ್ತಿತ್ತು. ಉಣ್ಣೆ ಕತ್ತರಿಸುವ ಕಾಲ, ಕೈತುಂಬ ಕೆಲಸ. ಬೊನೋಸಾ ಹೆಚ್ಚು ಕೇಳದೆ ಹೊಸ ಉಣ್ಣೆಯ ಮೇಲೆ ಅವನನ್ನು ಮಲಗಿಸಿ, ವಿನೆಗರ್ ಬೆರೆಸಿದ ನೀರು ಕುಡಿಸಿ, ತನ್ನ ಕೆಲಸಕ್ಕೆ ಹೋದಳು. ಯಾರೆಂದು ಸೇವಕ ಬಾಯಿಬಿಟ್ಟದ್ದು ಮಾರನೆಯ ದಿನ. ಕೇಳಿದ್ದೇ ಲುಪಾತ ಬಾಗಿಲಿಗೆ ಅಗಳಿ ಹಾಕಿ ಬಂದ. ಅವನನ್ನು ಹೊರಗೆ ಹಾಕೋಣವೆಂದ. ಜ್ವರ ಬಿದ್ದವನನ್ನು ಎಲ್ಲಿಗೆ ಹಾಕುವುದೆಂದು ಬೊನೋಸಾ ಕೇಳಿದ ಮೇಲೆ ಅವನೇ ಹೋಗಿ ಕುಂಟುವ ಕುದುರೆಯನ್ನು ಕೊಟ್ಟಿಗೆಯ ಹಿಂದೆ ಮರೆಯಾಗಿ ಕಟ್ಟಿದ.

ನಾಲ್ಕನೆಯ ಬೆಳಗ್ಗೆ ಜ್ವರ ಇಳಿಯಿತು. ಅರ್ಗೆಮಿರ ಗೋಡೆಗೆ ಒರಗಿ ಕೂತು, ಕುರಿಗಳನ್ನು ಒಂದೊಂದಾಗಿ ಅವಳು ಬೋಳಿಸುವುದನ್ನು ಬಾಗಿಲಿನಿಂದ ನೋಡುತ್ತಿದ್ದ. ಸವಾರರು ಪಕ್ಕದ ಹಳ್ಳಿಗೆ ಬಂದಿದ್ದಾರೆಂದು ಸುದ್ದಿಯಿತ್ತು. ಅವನು ಅವಳನ್ನು ಹತ್ತಿರ ಕರೆದ.

“ಅವ್ವ, ನನ್ನ ತಲೆನೂ ಬೋಳಿಸಿಬಿಡು.”

ಅವಳು ತಮಾಷೆಯೆಂದುಕೊಂಡಳು. ಗೊಥ್ ಕುಲೀನರ ಕೂದಲೆಂದರೆ ಅವರ ಮಾನ. ಅವನದು ಬೆನ್ನಿನ ನಡುವಿನವರೆಗೆ ಇಳಿದಿತ್ತು.

ಅವನು ನಿಧಾನವಾಗಿ ಬಿಡಿಸಿ ಹೇಳಿದ. ತಲೆ ಬೋಳಿಸಿ ಸನ್ಯಾಸ ತೊಟ್ಟವನು ಮತ್ತೆಂದೂ ಪಟ್ಟಕ್ಕೆ ಏರುವಂತಿಲ್ಲ ಎಂದು ಬಿಷಪ್ಪರ ಸಭೆ ಬರೆದಿಟ್ಟಿದೆ. ಕೂದಲಿದ್ದರೆ ಸವಾರರು ತನ್ನ ಕಣ್ಣು ಕೀಳುತ್ತಾರೆ, ಇಲ್ಲ ಕೊಲ್ಲುತ್ತಾರೆ. ಕೂದಲು ಹೋದರೆ ತಾನು ಯಾರಿಗೂ ಬೇಡದವನು.

ಬೊನೋಸಾ ಪಾದ್ರಿ ಪತೆರ್ನನನ್ನು ಕರೆಸಿದಳು. ಆತ ಸಾಧು ಮನುಷ್ಯ, ಹೆದರುಪುಕ್ಕಲ. ಸನ್ಯಾಸದ ಮಾತುಗಳನ್ನು ಹೇಳಲು ಒಪ್ಪಿದ, ಕತ್ತರಿ ಮಾತ್ರ ಮುಟ್ಟಲಾರೆನೆಂದ. ಕತ್ತರಿ ಅವಳ ಕೈಗೇ ಬಂತು. ಅವಳು ತಕ್ಷಣ ಹಾಕಲಿಲ್ಲ. ನಿಜವಾಗಿ ಬೇಕೇ ಎಂದು ಕೇಳಿದಳು, ಹೂಂ ಎಂದ. ಮತ್ತೆ ಕೇಳಿದಳು, ಹೂಂ ಎಂದ. ಮೂರನೆಯ ಸಲ, ಜ್ವರದ ಬಡಬಡಿಕೆ ಇರಬಹುದೆಂಬ ಅನುಮಾನದಿಂದ, ನಿನ್ನ ಹೆಸರೇನು, ತಂದೆಯ ಹೆಸರೇನು, ಈ ಹೊತ್ತು ಯಾವ ವಾರ ಎಂದು ಕೇಳಿದಳು. ಮೂರಕ್ಕೂ ಸರಿಯಾಗಿ ಉತ್ತರ ಕೊಟ್ಟ. “ಬದುಕಬೇಕು ಅನ್ನಿಸ್ತಿದೆ ಅವ್ವ, ಅಷ್ಟೇ” ಎಂದ. ಆಗ ಅವಳು ಕತ್ತರಿ ಹಾಕಿದಳು.

ಮುಗಿದ ಮೇಲೆ ಅವನು ನೆತ್ತಿ ಸವರಿಕೊಂಡು ನಕ್ಕ. ನಾಲ್ಕು ದಿನದಿಂದ ಏನೂ ತಿನ್ನದವನು ಅರ್ಧ ಉಂಡೆ ಗಿಣ್ಣವನ್ನೂ ಎರಡು ಈರುಳ್ಳಿಯನ್ನೂ ತಿಂದ. ಮಧ್ಯಾಹ್ನದ ಹೊತ್ತಿಗೆ ಸವಾರರು ಬಂದರು. ಅವರ ನಾಯಕ ಅವನ ಮುಸುಕು ಎತ್ತಿ ನೋಡಿ, ಪಾದ್ರಿಯನ್ನು ಎರಡು ಮಾತು ಕೇಳಿ, ಒಂದು ಚೊಂಬು ನೀರು ಕುಡಿದು ಹೊರಟುಹೋದ. ಅರ್ಗೆಮಿರ ಅರ್ಧ ದಿನದ ದಾರಿಯಲ್ಲಿ, ನದಿಯ ಕಮರಿಯಲ್ಲಿದ್ದ ಮಠ ಸೇರಿಕೊಂಡ.

ಕೆಂಚ ದೊರೆ ಏಳು ವರ್ಷ ಆಳಿದ. ಹಳ್ಳಿಯ ಪಾಲಿಗೆ ಅವನು ಒಳ್ಳೆಯವನೂ ಅಲ್ಲ, ಕೆಟ್ಟವನೂ ಅಲ್ಲ. ವರ್ಷಕ್ಕೆ ಎರಡು ಕುದುರೆ ಕೇಳುತ್ತಿದ್ದ. ಬರೆಸಿದ ಕಾನೂನುಗಳನ್ನು ಇಗರ್ಜಿಯ ಬಾಗಿಲಲ್ಲಿ ಓದಿಸುತ್ತಿದ್ದ. ಜನ ನಿಂತುಕೊಂಡೇ ಒಂದು ನಿದ್ದೆ ತೆಗೆಯುತ್ತಿದ್ದರು. ಒಂದು ವರ್ಷ ಮಿಡತೆ ಬಂದು ಬಾರ್ಲಿಯೆಲ್ಲ ಹೋದಾಗ ಬೀಜಕ್ಕೆಂದು ಅರಮನೆಯ ಕಣಜದಿಂದ ಧಾನ್ಯ ಕಳಿಸಿದ, ಅದನ್ನು ಜನ ಮರೆಯಲಿಲ್ಲ. ಮುಖ್ಯವಾಗಿ ಆ ಏಳು ವರ್ಷ ಹಳ್ಳಿಯಿಂದ ಯಾರೂ ದಂಡಿಗೆ ಹೋಗಲಿಲ್ಲ. ಬೊನೋಸಾಳ ಮಗಳು ಅಮ್ಮಿಯಾ ಬೆಳೆದು ಮದುವೆಗೆ ಬಂದಳು. ನದಿಯಾಚೆಯ ಕುಂಬಾರರ ಮನೆಯ ಸಂಬಂಧ ಗೊತ್ತಾಯಿತು.

ಅಷ್ಟರಲ್ಲಿ ಕೆಂಚ ದೊರೆ ಹಾಸಿಗೆ ಹಿಡಿದ. ಅವನಿಗೆ ಗಂಡುಮಕ್ಕಳಿರಲಿಲ್ಲ. ಅಳಿಯನಿಗೆ ಪಟ್ಟ ಕಟ್ಟಬೇಕೆಂದು ಅವನ ಇಷ್ಟ. ಅದು ಬೇಡವೆನ್ನುವ ಸರದಾರರಲ್ಲಿ ಮುಂದಾಳು ರನೆಮುಂಡ, ಬೊನೋಸಾ ಇದ್ದ ಜಮೀನಿನ ಒಡೆಯ, ಅವಳ ತಾಯಿಯನ್ನು ಬಿಡುಗಡೆ ಮಾಡಿದ ಯಜಮಾನಿಯ ಮೊಮ್ಮಗ. ಅಳಿಯನ ಎದುರು ನಿಲ್ಲಿಸಲು ಅವರಿಗೊಬ್ಬ ಹುರಿಯಾಳು ಬೇಕಾಗಿತ್ತು. ಮಠದಲ್ಲಿದ್ದ ಅರ್ಗೆಮಿರನ ನೆನಪಾಯಿತು. ಜ್ವರದಲ್ಲಿ ಮೈಮೇಲೆ ಎಚ್ಚರವಿಲ್ಲದವನ ತಲೆಯನ್ನು ಯಾರೋ ಬೋಳಿಸಿದರೆ ಅದು ಸನ್ಯಾಸ ಹೇಗಾದೀತು ಎಂದು ಅವರು ಬಿಷಪ್ಪರ ಮುಂದೆ ವಾದ ಹೂಡಿದರು. ದೊರೆ ಸಾಯುವ ಮೊದಲೇ ಇದು ತೀರಲಿ ಎಂದು ಬಿಷಪ್ಪರು ತಾವೇ ಹಳ್ಳಿಗೆ ಬಂದು ವಿಚಾರಿಸುವುದಾಗಿ ಹೇಳಿದರು. ಮುದಿ ಸೇವಕ ಸತ್ತು ಬಹಳ ಕಾಲವಾಗಿತ್ತು. ಪಾದ್ರಿ ಪತೆರ್ನನಿಗೆ ಅರಳುಮರಳು, ತನ್ನ ಹೆಸರೇ ಮರೆಯುತ್ತಿತ್ತು. ಲುಪಾತ ಆ ಬೆಳಗ್ಗೆ ಕುರಿ ಹೊಡೆದುಕೊಂಡು ಹೋಗಿದ್ದ, ಹಾಗಾಗಿ ಉಳಿದ ಸಾಕ್ಷಿ ಬೊನೋಸಾ ಒಬ್ಬಳೇ.

ರನೆಮುಂಡ ತಾನೇ ಅವಳ ಮನೆಗೆ ಬಂದ. ಬಾಗಿಲು ತಗ್ಗು, ಬಗ್ಗಿ ಒಳಗೆ ಬಂದು ಮಣೆಯ ಮೇಲೆ ಕೂತ. ಮೊದಮೊದಲು ಮಾತು ಬೆಣ್ಣೆಯಂತಿತ್ತು. ಹಳ್ಳದ ಪಕ್ಕದ ಹುಲ್ಲುಗಾವಲನ್ನು ಅವಳ ಕುರಿಗಳಿಗೇ ಬಿಟ್ಟುಕೊಡುವುದಾಗಿ ಹೇಳಿದ. ಅದಕ್ಕೆ ಬದಲಾಗಿ ವಿಚಾರಣೆಯಲ್ಲಿ ಅವಳು ಏನು ಹೇಳಬೇಕೆಂದು ಹೇಳಿಕೊಟ್ಟ.

“ಏನಿಲ್ಲ ಕಣಮ್ಮ, ಎರಡೇ ಮಾತು. ಅವನಿಗೆ ಎಚ್ಚರ ಇರ್ಲಿಲ್ಲ, ಪಾದ್ರಿ ಹೇಳ್ದ, ನಾನು ಕತ್ತರಿಸ್ದೆ. ಮುಗೀತು.”

“ಎಚ್ಚರ ಇತ್ತಲ್ಲ ಧಣಿ.”

 ರನೆಮುಂಡ ಮಾತು ತಿರುಗಿಸಿ ಅವಳ ಮಗಳ ಮದುವೆಯ ಬಗ್ಗೆ ವಿಚಾರಿಸಿದ. ಕುಂಬಾರರು ಸ್ವತಂತ್ರ ಜನವಲ್ಲವೇ, ತೊತ್ತಿನ ಮೊಮ್ಮಗಳನ್ನು ತಂದುಕೊಳ್ಳಲು ಅವರು ಒಪ್ಪಿದ್ದಾರೆಯೇ ಎಂದ.

“ನಮ್ಮಜ್ಜಿ ಬಿಡುಗಡೆ ಮಾಡಿದ್ದು ನಿಮ್ಮವ್ವನ್ನ. ಸೊಂಟದ ಮೇಲಿದ್ದ ಕೂಸನ್ನೂ ಸೇರಿಸಿ ಮಾಡಿದ್ಲೋ ಇಲ್ವೋ, ಯಾರಿಗೆ ಗೊತ್ತು? ಕಲ್ಲಲ್ಲಿ ಬರೆದಿರಬೋದು. ಕಲ್ಲು ಕೈಜಾರಿದ್ರೆ ಎರಡು ಚೂರು. ಯೋಚನೆ ಮಾಡು.”

ಅವನು ಹೋದ ಮೇಲೆ ಲುಪಾತ ಕೂಡ ಯೋಚನೆ ಮಾಡು ಎಂದ. ತೊಲೇದೊದಲ್ಲಿ ಯಾರು ಕೂತರೆ ತಮಗೇನು, ಕುರಿಗೆ ಎಲ್ಲ ದೊರೆಯೂ ಒಂದೇ ಎಂದ. ಅವನ ಮಾತಿನಲ್ಲಿ ತಪ್ಪಿಲ್ಲವೆಂದು ಅವಳಿಗೂ ಅನ್ನಿಸಿತು. ಆದರೆ ಇಬ್ಬರು ದೊರೆಗಳು ಎದ್ದರೆ ದಂಡಿಗೆ ಮನೆಗೊಬ್ಬ ಆಳು ಹೋಗಬೇಕಾಗುತ್ತದೆ. ಅವಳು ಸೆವೆರೊನ ಹೆಸರೆತ್ತಿದಾಗ ಲುಪಾತ ಎದ್ದು ಕುರಿಗಳಿಗೆ ನೀರು ಹಾಕಲು ಹೋದ.

ಮಾರನೆಯ ಬೆಳಗ್ಗೆ ಅವಳು ರೊಟ್ಟಿ ಕಟ್ಟಿಕೊಂಡು ಮಠಕ್ಕೆ ನಡೆದಳು. ಮುಖ್ಯವಾಗಿ ಅರ್ಗೆಮಿರನಿಗೆ ಏನು ಬೇಕೆಂದು ಕೇಳಬೇಕಾಗಿತ್ತು. ಅವನು ಬಯಸದ ಪಟ್ಟಕ್ಕೆ ಬೇರೆಯವರು ಎಳೆಯುತ್ತಿದ್ದಾರೆ ಎಂಬ ನಂಬಿಕೆ ಅವಳದು.

ಅವನು ಕಮರಿಯ ದ್ರಾಕ್ಷಿ ತೋಟದಲ್ಲಿ ಬಳ್ಳಿ ಕಟ್ಟುತ್ತಿದ್ದ. ಮೈ ತುಂಬಿಕೊಂಡಿದ್ದ, ಕೈಗಳು ರೈತನ ಕೈಗಳಾಗಿದ್ದವು. ತಲೆಯ ಮೇಲೆ ಮಾತ್ರ ಎರಡು ಬೆರಳಿನಷ್ಟು ಕೂದಲು ಬೆಳೆದಿತ್ತು. ಅವಳ ಕಣ್ಣು ಅಲ್ಲೇ ನಿಂತದ್ದನ್ನು ಕಂಡು ಅವನ ಮುಖ ಕೆಂಪಾಯಿತು.

ಅವಳು ರನೆಮುಂಡ ಬಂದದ್ದನ್ನೂ ಬೆದರಿಸಿದ್ದನ್ನೂ ಹೇಳಿದಳು. ಅವನು ಬಳ್ಳಿಯ ದಾರ ಕೈಯಲ್ಲೇ ಹಿಡಿದು ಎಲ್ಲವನ್ನೂ ಕೇಳಿಸಿಕೊಂಡ.

“ನಿಂಗೆ ಬೇಕಾ ಆ ಪಟ್ಟ?” ಎಂದಳು ಬೊನೋಸಾ. “ಹೇಳಪ್ಪ. ನೀನು ಬೇಡ ಅಂದ್ರೆ ಅಲ್ಲಿಗೆ ಮುಗೀತು.”

“ಬೇಡ ಅನ್ನಕ್ಕೆ ಆಗ್ತಿಲ್ಲ ಅವ್ವ.” ಅವನು ನೆಲ ನೋಡುತ್ತ ಹೇಳಿದ. “ಏಳು ವರ್ಷ ಬೇಡ ಅಂತಲೇ ಇದ್ದೆ. ಅವರು ಬಂದು ಕೇಳಿದ ದಿನದಿಂದ ತಲೆ ಬೋಳಿಸ್ಕೊಂಡಿಲ್ಲ. ನಾನಾಗಿ ಸುಳ್ಳು ಹೇಳಲ್ಲ. ಆದ್ರೆ ನೀನು ಹೇಳಿದ್ರೆ, ನಾನು ತಡೆಯಲ್ಲ.”

ಬೊನೋಸಾಗೆ ಮೈಯೆಲ್ಲ ಉರಿದುಹೋಯಿತು. ತನ್ನ ಕೊಟ್ಟಿಗೆಯಲ್ಲಿ ಮಲಗಿದ್ದ ಹುಡುಗ ಬದುಕಬೇಕು ಎಂದಷ್ಟೇ ಕೇಳಿದ್ದ. ಈಗ ದೊರೆತನವನ್ನು ಕೇಳುತ್ತಿದ್ದಾನೆ, ಅದಕ್ಕೆ ಬೇಕಾದ ಸುಳ್ಳು ಮಾತ್ರ ಅವಳ ಬಾಯಿಂದ ಬರಬೇಕಂತೆ. ತಂದಿದ್ದ ರೊಟ್ಟಿಯನ್ನು ಅವನಿಗೂ ಕೊಡದೆ, ತಾನೂ ತಿನ್ನದೆ ವಾಪಸು ಹೊರಟಳು.

ದಾರಿ ದೂರದ್ದು. ನಡೆಯುತ್ತ ನಡೆಯುತ್ತ ಸಿಟ್ಟು ಇಳಿದು ತಲೆ ಕೆಲಸ ಮಾಡತೊಡಗಿತು. ಯಾವುದನ್ನು ಮೊದಲು ಹೇಳಬೇಕು, ಯಾವುದನ್ನು ಆಮೇಲೆ ಹೇಳಬೇಕು ಎಂದು ಅವಳು ಒಂದೊಂದೇ ಜೋಡಿಸಿಕೊಂಡಳು. ತೊತ್ತಿನ ಸಾಕ್ಷಿ ನಡೆಯುವುದಿಲ್ಲ. ಅದು ಊರಿಗೆಲ್ಲ ಗೊತ್ತಿರುವ ಕಾನೂನು. ರನೆಮುಂಡನಿಗೆ ತನ್ನ ಸಾಕ್ಷಿ ಬೇಕು. ಹಾಗಾದರೆ ತಾನು ಬಾಯಿ ಬಿಡುವವರೆಗೆ ತಾನು ಸ್ವತಂತ್ರಳಾಗಿರುವುದೂ ಅವನಿಗೆ ಬೇಕು. ಹಳ್ಳಿಯ ಹಾದಿ ಕಾಣುವ ಹೊತ್ತಿಗೆ ಅವಳಿಗೆ ಹಸಿವಾಯಿತು. ಒಂದು ಬಂಡೆಯ ಮೇಲೆ ಕೂತು ರೊಟ್ಟಿಯನ್ನು ಪೂರ್ತಿ ತಿಂದಳು.

ಕೊಯ್ಲು ಮುಗಿದ ವಾರ, ಬೆಳಗಿನ ಪೂಜೆಯಾದ ಮೇಲೆ ವಿಚಾರಣೆ ಶುರುವಾಯಿತು. ಇಗರ್ಜಿ ಚಿಕ್ಕದು, ಸರದಾರರಿಗೇ ಜಾಗ ಸಾಲದು. ಊರಿನವರು ಬಾಗಿಲಲ್ಲೂ ಕಿಟಕಿಯಲ್ಲೂ ಇಣುಕುತ್ತಿದ್ದರು. ಬಿಷಪ್ಪರು ವಯಸ್ಸಾದವರು, ಮೊಣಕಾಲು ನೋವಿನಿಂದ ಕಾಲು ಚಾಚಿ ಕೂತಿದ್ದರು. ಅವರ ಎಡಕ್ಕೆ ಅರ್ಗೆಮಿರ, ಬಲಕ್ಕೆ ರನೆಮುಂಡ.

ಬೊನೋಸಾ ಮುಂದೆ ಬಂದು ನಿಂತಳು. ಒಗೆದ ಬಟ್ಟೆ, ತಲೆಯ ಮೇಲೆ ತಾಯಿಯ ಕಾಲದ ಮುಸುಕು. ಪ್ರಮಾಣ ಮಾಡಿಸುವ ಮೊದಲು ಬಿಷಪ್ಪರು, ನೀನು ಸ್ವತಂತ್ರಳೋ ಎಂದು ವಾಡಿಕೆಯಂತೆ ಕೇಳಿದರು.

“ಸ್ವತಂತ್ರಳು ಬುದ್ಧಿ. ಆದ್ರೆ ನಾನು ಹೇಳಿದ್ರೆ ಸಾಲದು. ಬಲಿಪೀಠದ ಕೆಳಗೆ ನಮ್ಮವ್ವನ ಕಲ್ಲಿದೆ. ಮೊದಲು ಅದನ್ನ ಓದಿಸಿ. ನಾಳೆ ಯಾರೂ ತೊತ್ತು ಬಂದು ಸಾಕ್ಷಿ ಹೇಳಿದ್ಲು ಅನ್ನಬಾರದು.”

ಬಿಷಪ್ಪರಿಗೆ ಅದು ಸರಿಯೆನಿಸಿತು. ಕಲ್ಲು ತರಿಸಿದರು. ಒಂದು ಮೂಲೆ ಮುಕ್ಕಾಗಿತ್ತು, ಅಕ್ಷರ ಮಾಸಿತ್ತು. ಅವರ ಬರಹಗಾರ ಕಿಟಕಿಯ ಬೆಳಕಿಗೆ ಹಿಡಿದು ಓದಿದ. ಇಂಥ ಹೆಂಗಸನ್ನು ಬಿಡುಗಡೆ ಮಾಡಿದೆ, ಎಂಬಲ್ಲಿಯವರೆಗೆ ಸರಾಗವಾಗಿ ಬಂತು. ಮುಂದೆ, ಅವಳ ಹೊಟ್ಟೆಯಲ್ಲಿ ಹುಟ್ಟಿದ, ಎಂದು ಓದಿ ನಿಂತ. ಆ ಸಾಲು ಮುಕ್ಕಾದ ಮೂಲೆಗೆ ಹೋಗಿ ಮುಗಿದಿತ್ತು. ಹುಟ್ಟಿದ ಮಗುವಿಗೂ ಬಿಡುಗಡೆಯೋ, ಇಲ್ಲವೋ, ಗೊತ್ತಾಗುವಂತಿರಲಿಲ್ಲ.

 ಇಷ್ಟು ವರ್ಷ ಬಂದು ನೋಡಿದ ಕಲ್ಲಿನಲ್ಲಿ ತನ್ನ ಮಾತೇ ಇಲ್ಲವೆಂದು ಬೊನೋಸಾಗೆ ಗೊತ್ತಾದದ್ದು ಆಗಲೇ. ಆದರೆ ಜೋಡಿಸಿಕೊಂಡು ಬಂದದ್ದನ್ನು ಬಿಡಲಿಲ್ಲ.

“ಬಿಡುಗಡೆ ಕೊಟ್ಟೋರ ಮೊಮ್ಮಗ ಇಲ್ಲೇ ಕೂತವ್ರೆ ಬುದ್ಧಿ. ಅವರನ್ನೇ ಕೇಳಿ. ಅವರು ತೊತ್ತು ಅಂದ್ರೆ, ನಾನು ಸಾಕ್ಷಿ ಹೇಳದೆ ಈಗಲೇ ಮನೆಗೆ ಹೋಗ್ತೀನಿ.”

ಎಲ್ಲರೂ ರನೆಮುಂಡನ ಕಡೆ ತಿರುಗಿದರು. ಅವನ ಜೊತೆಯ ಸರದಾರನೊಬ್ಬ ಅವನ ಕಿವಿಯಲ್ಲಿ ಏನೋ ಹೇಳಿದ. ಹೆದರಿಸಿದ ಮೇಲೆ ಈ ಹೆಂಗಸು ತಾನು ಹೇಳಿಕೊಟ್ಟದ್ದನ್ನೇ ಹೇಳುತ್ತಾಳೆಂದು ರನೆಮುಂಡ ನಂಬಿದ್ದ. ಅವಳಿಲ್ಲದಿದ್ದರೆ ವಾದಕ್ಕೆ ಕಾಲೇ ಇಲ್ಲ. ತನ್ನ ಅಜ್ಜಿ ತಾಯಿ ಮಗಳಿಬ್ಬರನ್ನೂ ಬಿಡುಗಡೆ ಮಾಡಿದ್ದಳು, ಅವಳೂ ಅವಳ ಮಕ್ಕಳೂ ಸ್ವತಂತ್ರರು ಎಂದು ಅವನು ಗಟ್ಟಿಯಾಗಿ ಹೇಳಿದ. ಬಿಷಪ್ಪರು ಅದನ್ನು ಹೊಸ ಕಲ್ಲಿನ ಮೇಲೆ ಬರೆಸಿ, ರನೆಮುಂಡನಿಂದ ಅದರ ಕೆಳಗೆ ಗುರುತು ಹಾಕಿಸಿದರು. ಮೊಳೆ ಕಲ್ಲನ್ನು ಕೆರೆಯುವ ಸದ್ದು ನಿಲ್ಲುವವರೆಗೆ ಬೊನೋಸಾ ಕಾದಳು.

ಆಮೇಲೆ ಬಲಿಪೀಠ ಮುಟ್ಟಿ ಪ್ರಮಾಣ ಮಾಡಿ, ನಡೆದದ್ದನ್ನು ನಡೆದ ಹಾಗೆಯೇ ಹೇಳಿದಳು. ಜ್ವರ ಬಂದದ್ದು, ಇಳಿದದ್ದು, ಅವನು ಕರೆದದ್ದು. ಮೂರು ಸಲ ಕೇಳಿದ್ದು. ಹೆಸರು, ತಂದೆಯ ಹೆಸರು, ವಾರ. ತಿಂದ ಗಿಣ್ಣವನ್ನೂ ಬಿಡಲಿಲ್ಲ.

ರನೆಮುಂಡ ಎದ್ದು ನಿಂತ. ಬಿಷಪ್ಪರು ಕೈಯೆತ್ತಿ ಅವನನ್ನು ಕೂರಿಸಿ, ಅರ್ಗೆಮಿರನ ಕಡೆ ತಿರುಗಿ, ಈಕೆ ಹೇಳಿದ್ದು ನಿಜವೋ ಎಂದು ಕೇಳಿದರು.

ಅವನು ನೆತ್ತಿಯ ಕೂದಲನ್ನೊಮ್ಮೆ ಸವರಿಕೊಂಡ.  ಅವನು ಸುಮ್ಮನೆ ಇದ್ದುಬಿಟ್ಟರೂ ಸಾಕಾಗಿತ್ತು, ವಾದ ಇನ್ನೊಂದು ವರ್ಷ ಎಳೆಯುತ್ತಿತ್ತು. ಬೊನೋಸಾ ಅವನನ್ನೇ ನೋಡುತ್ತಿದ್ದಳು.

“ನಿಜ. ನಾನೇ ಕೇಳಿಕೊಂಡೆ. ಅವಳು ಹೇಳಿದ್ದರಲ್ಲಿ ಒಂದು ಮಾತೂ ಹೆಚ್ಚಿಲ್ಲ” ಎಂದ. ಹೇಳಿದ ಮೇಲೆ ಅವನ ಭುಜ ಇಳಿಯಿತು. ಅದು ಸೋಲೋ ನೆಮ್ಮದಿಯೋ ಅವಳಿಗೆ ತಿಳಿಯಲಿಲ್ಲ.

ಸನ್ಯಾಸ ನಿಜವೆಂದು ಬಿಷಪ್ಪರು ತೀರ್ಪು ಕೊಟ್ಟದ್ದೇ ಸರದಾರರು ಊಟಕ್ಕೂ ನಿಲ್ಲದೆ ಕುದುರೆ ಹತ್ತಿದರು. ಅವರಿಗಾಗಿ ಕಡಿದಿದ್ದ ಎರಡು ಕುರಿಯನ್ನು ಊರಿನವರೇ ತಿಂದರು. ಆ ಚಳಿಗಾಲ ಕೆಂಚ ದೊರೆ ಸತ್ತ. ಅಳಿಯ ಪಟ್ಟಕ್ಕೆ ಬಂದ. ಉತ್ತರದಲ್ಲೆಲ್ಲೋ ಸ್ವಲ್ಪ ಗದ್ದಲವಾಗಿ ಅಡಗಿತೆಂದು ಸುದ್ದಿ ಬಂತು. ಹಳ್ಳಿಯಿಂದ ದಂಡಿಗೆ ಯಾರನ್ನೂ ಕರೆಯಲಿಲ್ಲ.

ರನೆಮುಂಡ ಕಲ್ಲಿನಲ್ಲಿ ಬರೆದದ್ದನ್ನು ಅಳಿಸಲಾರದವನಾಗಿ, ಜಮೀನು ಬಿಟ್ಟು ಹೋಗಲು ಹೇಳಿದ. ಅದು ಅವನ ಹಕ್ಕಿನೊಳಗಿತ್ತು. ಇಪ್ಪತ್ತು ವರ್ಷ ಬಾಳಿದ ಮನೆ, ಕೊಟ್ಟಿಗೆ, ನೆಟ್ಟ ಬಾದಾಮಿ ಗಿಡ ಬಿಟ್ಟು ಬೊನೋಸಾ ಮತ್ತು ಲುಪಾತ ಹನ್ನೊಂದು ಕುರಿ ಹೊಡೆದುಕೊಂಡು ನದಿಯಾಚೆ, ಮದುವೆಯಾಗಿ ಹೋಗಿದ್ದ ಮಗಳ ಊರಿಗೆ ಹೋದರು. ಮೊದಲ ಎರಡು ವರ್ಷ ಕಷ್ಟವಾಯಿತು. ಬೀಗರ ಮನೆಯ ಹಿಂದೆ, ಮಡಕೆ ಸುಟ್ಟ ಬೂದಿ ತುಂಬಿಡುವ ಕೋಣೆಯಲ್ಲೇ ಇದ್ದರು. ಲುಪಾತ ಗೊಣಗಿದ, ಆದರೆ ಊರಿನವರೆದುರು ತನ್ನ ಹೆಂಡತಿ ಸರದಾರನನ್ನು ಅವನ ಬಾಯಿಂದಲೇ ಕಟ್ಟಿಹಾಕಿದ ಕಥೆಯನ್ನು ಪ್ರತಿ ಸಲವೂ ಸ್ವಲ್ಪ ಉದ್ದ ಮಾಡಿ ಹೇಳುತ್ತಿದ್ದ. ಅಮ್ಮಿಯಾಗೆ ಮೂರು ಮಕ್ಕಳಾದವು. ಬೊನೋಸಾಳ ಕೈಗುಣದ ಸುದ್ದಿ ಹಬ್ಬಿ ಅಲ್ಲಿಯ ಹಳ್ಳಿಗಳೂ ಮೇ ತಿಂಗಳಲ್ಲಿ ಹೇಳಿಕಳಿಸತೊಡಗಿದವು.

ಐದನೆಯ ವರ್ಷ, ಒಂದು ಮಧ್ಯಾಹ್ನ, ಹೇಸರಗತ್ತೆಯ ಮೇಲೆ ಕೂತು ಅರ್ಗೆಮಿರ ಬಂದ. ಮಠಕ್ಕೆ ಎಣ್ಣೆಯ ಗಡಿಗೆಗಳು ಬೇಕಾಗಿದ್ದವು, ಕುಂಬಾರರನ್ನು ನೋಡಲು ಬಂದೆ ಎಂದ. ಗಡಿಗೆಗಳ ಮಾತು ಮುಗಿದರೂ ಏಳಲಿಲ್ಲ. ಬೊನೋಸಾ ಅಂಗಳದಲ್ಲಿ ಬೇಳೆ ಆರಿಸುತ್ತಿದ್ದಳು. ಅವನು ಹತ್ತಿರ ಬಂದು ಜಗಲಿಯ ಮೇಲೆ ಕೂತ.

“ನಾಲ್ಕು ವರ್ಷ ನಿನ್ನ ಮೇಲೆ ಸಿಟ್ಟಿತ್ತು ನಂಗೆ” ಎಂದ.

“ನಂಗೂ ನಿನ್ನ ಮೇಲಿತ್ತು” ಎಂದಳು ಬೊನೋಸಾ. “ಈಗ?”

“ಈಗ ತೋಟದಲ್ಲಿ ಕೆಲಸ ಜಾಸ್ತಿ.”

ಅವಳು ನಕ್ಕು, ಮೊರವನ್ನು ಅವನ ಕಡೆ ಸ್ವಲ್ಪ ಸರಿಸಿದಳು. ಅವನೂ ಕಲ್ಲು ಆರಿಸತೊಡಗಿದ. ಈ ಸಲ ದ್ರಾಕ್ಷಿಗೆ ರೋಗ ಬಿದ್ದದ್ದನ್ನೂ, ಪಾದ್ರಿ ಪತೆರ್ನ ಕೊನೆಗಾಲದಲ್ಲಿ ಮಠಕ್ಕೇ ಬಂದು ನೆಮ್ಮದಿಯಾಗಿ ತೀರಿಕೊಂಡದ್ದನ್ನೂ ಹೇಳಿದ. ಬೇಳೆ ಮುಗಿದ ಮೇಲೆ ಅವಳು ಒಲೆ ಹಚ್ಚಲು ಒಳಗೆ ಹೋದಳು, ಅವನು ಊಟಕ್ಕೆ ನಿಂತ.